ಸರಾಗ

"ಇವತ್ತು ಪರವಾಗಿಲ್ಲ, ಬೆಳಗ್ಗೆಯಿಂದ ಚೆನ್ನಾಗಿದ್ದಾಳೆ," ಎಂದು ಗಂಡ ಪಕ್ಕದ ಕೋಣೆಯಲ್ಲಿ ಫೋನು ಹಿಡಿದು ಮಗಳಿಗೆ ಹೇಳುತ್ತಿದ್ದುದು ಕೇಳಿಸಿತು. ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ನಾಳೆ ಮೋಡವೋ ಬಿಸಿಲೋ ಎಂದು ಹೇಳುವವರ ದನಿ. ಆಮೇಲೆ ದನಿ ತಗ್ಗಿಸಿದ. ತಗ್ಗಿಸಿದ ದನಿಯೇ ತನಗೆ ಹೆಚ್ಚು ಕೇಳಿಸುತ್ತದೆ ಎಂಬುದು ಇಷ್ಟು ವರ್ಷ ಜೊತೆಗಿದ್ದೂ ಈ ಮನುಷ್ಯನಿಗೆ ಗೊತ್ತಾಗಲಿಲ್ಲವಲ್ಲ. ಕೋರ್ಟಿನಲ್ಲಿ ದುಭಾಷಿಯಾಗಿ ನಿಂತು ನಿಂತು, ಕಟಕಟೆಯಲ್ಲಿ ಗಂಟಲು ಒಣಗಿದವರ ಗೊಣಗಾಟ, ವಕೀಲರು ಒಬ್ಬರ ಕಿವಿಯಲ್ಲಿ ಒಬ್ಬರು ಉಸುರಿದ್ದು, ಇಂಥದ್ದನ್ನೇ ಹಿಡಿದು ಬದುಕಿದ ಕಿವಿ ಅವಳದು. "ಹೌದು, ಹಟ. ಹಟ ಜಾಸ್ತಿಯಾಗಿದೆ. ಡಾಕ್ಟರು ಹೇಳಿದ್ರಲ್ಲ, ಅದೂ ಇದರದ್ದೇ ಒಂದು ಭಾಗ," ಎಂದ. ಅವಳ ಮೈಯೆಲ್ಲ ಉರಿಯಿತು. ಹುಟ್ಟಿನಿಂದಲೂ ತಾನು ಹಟಮಾರಿ. ಈ ಹಟವನ್ನೇ ಮೆಚ್ಚಿ ಮದುವೆಯಾದೆ ಎಂದು ಹೇಳಿಕೊಂಡು ತಿರುಗುತ್ತಿದ್ದವನು ಇವನೇ. ಈಗ ಅದೂ ಕಾಯಿಲೆಯ ಪಾಲಾಯಿತು.

ಆತ ಒಳಗೆ ಬಂದು, ಅವಳ ಕೈ ಗುಂಡಿಯ ಮೇಲೆ ನಿಂತಿರುವುದನ್ನು ನೋಡಿ, ತೀರ ಮೆತ್ತಗೆ, "ಹಾಕ್ಲಾ?" ಎಂದ. "ನನ್ನ ಕೈ ಸತ್ತಿಲ್ಲ," ಎಂದಳು. ತಕ್ಷಣ ಅವನ ಮುಖದ ಮೇಲೆ ಆ ಇನ್ನೊಂದು ಮುಖ ಬಂತು. ಆಸ್ಪತ್ರೆಯಲ್ಲಿ ಮನೆಯವರಿಗೆಂದು ಕೊಟ್ಟ ಕರಪತ್ರವನ್ನು ಅವನು ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿಕೊಂಡಿದ್ದ. ರೋಗಿಗೆ ಕಾರಣವಿಲ್ಲದೆ ಸಿಟ್ಟು ಬರಬಹುದು, ಎದುರು ವಾದಿಸಬೇಡಿ, ಮುಗುಳ್ನಗುತ್ತಾ ಮಾತು ಬದಲಿಸಿ ಎಂದಿತ್ತು ಅದರಲ್ಲಿ. ಅವನು ಮುಗುಳ್ನಕ್ಕ. "ಬೂಟು ಪಾಲಿಷ್ ಮಾಡಿಟ್ಟಿದ್ದೀನಿ," ಎಂದ. ಕಾರಣವಿಲ್ಲದೆ! ಜಗಳವಾಡಿದರೆ ಜಗಳವಾಡುವ ಗಂಡ ಬೇಕಿತ್ತು ಅವಳಿಗೆ. ಹೋದ ತಿಂಗಳವರೆಗೂ ಇದ್ದ ಅವನು. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ತಟ್ಟೆ ಸರಿಸಿ ಎದ್ದು ಹೋಗುವಷ್ಟು ಇದ್ದ. ಈಗ ಎಷ್ಟು ಉಪ್ಪು ಸುರಿದರೂ ಚಪ್ಪರಿಸಿಕೊಂಡು ತಿನ್ನುತ್ತಾನೆ. ಒಂದು ದಿನ ಬೇಕೆಂದೇ ಮೂರು ಚಮಚ ಹಾಕಿದ್ದಳು. ತಿಂದ, ನೀರು ಕುಡಿದ, "ಚೆನ್ನಾಗಿದೆ" ಎಂದ, ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಹಲ್ಲು ಕಚ್ಚಿ ನಿಂತಿದ್ದಳು.

ಆಸ್ಪತ್ರೆಗೆ ಹೊರಟದ್ದು ಚಿಕಿತ್ಸೆಗಲ್ಲ. ದೊಡ್ಡ ಡಾಕ್ಟರು ಅವಳನ್ನು ಬೇರೆ ಡಾಕ್ಟರುಗಳಿಗೆ ತೋರಿಸಬೇಕಂತೆ. "ನಿಮ್ಮಂಥವರು ಸಿಗೋದೇ ಅಪರೂಪ," ಎಂದಿದ್ದರು ಹೋದ ಸಲ, ಅವಳ ತಲೆಯ ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ಹರಡಿಕೊಂಡು, ಬೆರಳಿನಿಂದ ಪರದೆಯ ಮೇಲೆ ಅಲ್ಲಲ್ಲಿ ಮುಟ್ಟುತ್ತಾ. ಕಿವಿಯ ಒಳಪಕ್ಕಕ್ಕೆ, ಎರಡೂ ಕಡೆ, ಕಡಲಕುದುರೆಯ ಆಕಾರದ ಒಂದು ಭಾಗವಿರುತ್ತದಂತೆ, ಇವತ್ತು ನಡೆದದ್ದನ್ನು ನಾಳೆಗೆ ಎತ್ತಿಡುವ ಕೆಲಸ ಅದರದ್ದು. ಅವಳದು ಒಣಗಿದ ಹುಣಸೆಕಾಯಿಯ ಹಾಗೆ ಸುಕ್ಕಿತ್ತು, ಸುತ್ತ ಕಪ್ಪು ನೀರು ನಿಂತಿತ್ತು. "ಈ ಚಿತ್ರವನ್ನಷ್ಟೇ ನೋಡಿದವರು, ಈಕೆ ಮನೆಯ ದಾರಿ ಕೂಡ ಮರೆತಿರಬೇಕು ಅಂತಾರೆ. ನೀವು ನೋಡಿದ್ರೆ ಇನ್ನೂ ಕೋರ್ಟಿಗೆ ಹೋಗ್ತಿದ್ದೀರಿ! ಇಲ್ಲಿ ನೋಡಿ, ಮುಂಭಾಗ. ಎಷ್ಟು ದಪ್ಪಗಿದೆ. ಮುಖ್ಯ ರಸ್ತೆ ಅಗೆದುಹಾಕಿದ್ದಾರೆ, ಆದರೆ ನಿಮ್ಮ ಊರಲ್ಲಿ ಓಣಿಗಳು ಜಾಸ್ತಿ. ಗಾಡಿ ಸುತ್ತು ಹೊಡೆದು ಹೇಗೋ ಮನೆ ಸೇರುತ್ತೆ. ಇದಕ್ಕೆ ನಾವು ಮೀಸಲು ಅಂತೀವಿ. ಜೀವಮಾನವೆಲ್ಲ ನಾಲ್ಕು ಭಾಷೆಗಳ ಮಧ್ಯೆ ಓಡಾಡಿದ್ದೀರಲ್ಲ, ಅದರ ಫಲ," ಎಂದು ಅವರು ಮಗು ನಡೆಯುವುದನ್ನು ನೋಡಿದವರಂತೆ ನಕ್ಕಿದ್ದರು. ಯಾವ ನಾಲ್ಕು ಭಾಷೆ ಎಂದು ಕೇಳಲಿಲ್ಲ. ಅವಳಿಗೆ ಅವರ ಬೆರಳು ಹಿಡಿದು ತಿರುಚಬೇಕೆನ್ನಿಸಿತ್ತು. ತನ್ನ ತಲೆಯೊಳಗೆ ಹೊಲಸು ನೀರು ನಿಂತಿದೆ, ಈ ಮನುಷ್ಯ ಓಣಿಗಳನ್ನು ಮೆಚ್ಚುತ್ತಿದ್ದಾನೆ.

ಕಾರಿನಲ್ಲಿ ಗಂಡ ರೇಡಿಯೋ ಹಾಕಿದ. ಅವಳು ಆರಿಸಿದಳು. ಎರಡು ವರ್ಷದ ಹಿಂದೆ ಅವಳೇ ಮೊದಲು ಹೇಳಿದ್ದು, ನನಗೇನೋ ಆಗ್ತಿದೆ ಅಂತ. ಮಾತು ಕೈಗೆ ಸಿಕ್ಕಿ ಜಾರಿಹೋಗುತ್ತದೆ, ಬೆಳಗ್ಗೆ ಓದಿದ ಕೇಸಿನ ಕಾಗದ ಮಧ್ಯಾಹ್ನ ಹೊಸದಾಗಿ ಕಾಣುತ್ತದೆ, ಲಿಫ್ಟಿನೊಳಗೆ ನಿಂತು ಎಷ್ಟನೇ ಮಹಡಿ ಎಂದು ಬೇರೆಯವರು ಗುಂಡಿ ಒತ್ತುವವರೆಗೆ ಕಾಯಬೇಕಾಗುತ್ತದೆ. "ನಿನಗಾ? ನಿನ್ನ ನೆನಪಿನ ಕಾಟಕ್ಕೆ ನಾನು ಇಷ್ಟು ವರ್ಷ ಒಂದು ಸುಳ್ಳು ಹೇಳೋಕಾಗಿಲ್ಲ," ಎಂದು ಅವನು ನಕ್ಕಿದ್ದ. ಬಡಾವಣೆಯ ಡಾಕ್ಟರು ವಯಸ್ಸಿನ ಮೇಲೆ ಹಾಕಿದರು. ಅವಳು ಬಿಡದೆ ಇನ್ನೊಬ್ಬರ ಹತ್ತಿರ ಹೋದಾಗ ಒಂದು ಪರೀಕ್ಷೆ ಮಾಡಿಸಿದರು. ಐದು ಪದ ಹೇಳುತ್ತೇನೆ, ಆಮೇಲೆ ಕೇಳಿದಾಗ ಹೇಳಬೇಕು. ಗಡಿಯಾರ ಬರೆಯಿರಿ, ಮುಳ್ಳು ಇಡಿ. ಅವಳು ಪದಗಳನ್ನು ಕೋರ್ಟಿನೊಳಗೆ ಕರೆದುಕೊಂಡು ಹೋಗಿ ಒಂದೊಂದನ್ನು ಒಂದೊಂದು ಜಾಗದಲ್ಲಿ ಕೂರಿಸಿದಳು, ಸೇಬನ್ನು ನ್ಯಾಯಾಧೀಶರ ಪೀಠದಲ್ಲಿ, ಕೊಡೆಯನ್ನು ಕಟಕಟೆಯಲ್ಲಿ. ಎಷ್ಟುದ್ದದ ವಾಕ್ಯವಾದರೂ ದುಭಾಷಿ ಹಿಡಿದಿಟ್ಟುಕೊಳ್ಳುವುದು ಹೀಗೇ. ಕೇಳಿದಾಗ ಬಾಗಿಲು ತೆರೆದು ಒಂದೊಂದನ್ನೇ ಹೊರಗೆ ಕರೆದಳು. ಪೂರ್ತಿ ಅಂಕ. "ನಿಮಗೇನೂ ಆಗಿಲ್ಲ, ನನಗಿಂತ ಚೆನ್ನಾಗಿದ್ದೀರಿ," ಎಂದು ಆ ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಮೆಟ್ಟಿಲಿಳಿಯುತ್ತಾ ಗಂಡ, "ಅನುಮಾನದ ಪ್ರಾಣಿ ನೀನು," ಎಂದ. ಅವಳಿಗೆ ಆಗ ಅಳು ಬಂದಿತ್ತು, ಸಂತೋಷಕ್ಕೆ ಎಂದುಕೊಂಡ ಅವನು. ಒಳಗೆ ಕಳ್ಳ ನುಗ್ಗಿದ್ದಾನೆ ಎಂದು ಕೂಗಿದರೆ, ಬಾಗಿಲು ಎಷ್ಟು ಚೆನ್ನಾಗಿದೆ ನೋಡಿ ಎಂದು ಹೊರಗೆ ನಿಂತವರು ಹೊಗಳಿದರೆ ಏನು ಮಾಡಬೇಕು? ಕೊನೆಗೆ ಹಟ ಹಿಡಿದು ಈ ದೊಡ್ಡ ಡಾಕ್ಟರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿಕೊಂಡವಳೂ ಅವಳೇ.

ಸಭಾಂಗಣ ಮೆಟ್ಟಿಲುಮೆಟ್ಟಿಲಾಗಿ ಮೇಲೇರಿತ್ತು. ಕೆಳಗೆ, ನಡುವೆ, ಅವಳಿಗೊಂದು ಕುರ್ಚಿ. ಸ್ವಲ್ಪ ಹಿಂದೆ ಗಂಡನಿಗೊಂದು. ಮೇಲಿನ ಸಾಲುಗಳಲ್ಲಿ ಎಳೆಯ ಡಾಕ್ಟರುಗಳು ಪೆನ್ನು ಕಚ್ಚುತ್ತಾ, ಫೋನು ನೋಡುತ್ತಾ ಕೂತಿದ್ದರು. ಮುಂದಿನ ಸಾಲಿನಲ್ಲಿ ಹೊರದೇಶದಿಂದ ಬಂದ ಇಬ್ಬರು, ಒಬ್ಬಳು ನರೆಗೂದಲಿನ ಹೆಂಗಸು, ಇನ್ನೊಬ್ಬ ಗಡ್ಡದವನು, ಒಬ್ಬರಿಗೊಬ್ಬರು ಮಾತಾಡಿಕೊಂಡದ್ದು ಕಿವಿಗೆ ಬಿದ್ದಾಗ ಅವಳು ಸ್ವಲ್ಪ ನೆಟ್ಟಗಾದಳು. ಹಡಗಿನವರ ಭಾಷೆ. ಬಂದರಿಗೆ ಬರುವ ಖಲಾಸಿಗಳ, ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದವರ, ಕುಡಿದು ಚಾಕು ಹಾಕಿದವರ ಬಾಯಲ್ಲಿ ಅವಳು ಅದನ್ನು ಕಲಿತದ್ದು. ಇವರ ಬಾಯಲ್ಲಿ ಅದೇ ಭಾಷೆ ಇಸ್ತ್ರಿ ಮಾಡಿಸಿಕೊಂಡು ಬಂದಿತ್ತು. ದೊಡ್ಡ ಡಾಕ್ಟರು ಆ ದೇಶದಲ್ಲೇ ಓದಿದವರಂತೆ. ಅವರೂ ಅದೇ ಭಾಷೆಯಲ್ಲಿ ಸ್ವಾಗತ ಹೇಳಿದರು. ವ್ಯಾಕರಣದಲ್ಲಿ ಎರಡು ತಪ್ಪಿತ್ತು.

ಗೋಡೆಯ ಮೇಲೆ ಅವಳ ತಲೆ ಬಂತು. ಆಳೆತ್ತರಕ್ಕಿಂತ ದೊಡ್ಡದು. ಎಲ್ಲರೂ ಅದನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು, ಮತ್ತೆ ಅದನ್ನು. ಬಟ್ಟೆ ಬಿಚ್ಚಿ ನಿಲ್ಲಿಸಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಆ ಮೈ ತನ್ನದೆಂದು ಅವಳಿಗೆ ಗೊತ್ತಿತ್ತು. ಇದನ್ನು ತನ್ನದೆಂದು ಒಪ್ಪಿಕೊಳ್ಳುವುದು ಹೇಗೆ? "ಈಕೆ ಏನು ಕೆಲಸ ಮಾಡ್ತಾರೆ?" ಎಂದು ಮೇಲಿಂದ ಯಾರೋ ಡಾಕ್ಟರನ್ನು ಕೇಳಿದರು. "ದುಭಾಷಿ, ಕೋರ್ಟಲ್ಲಿ," ಎಂದ ಹಿಂದಿನಿಂದ ಗಂಡ. ಅವಳು ತಿರುಗಿ ನೋಡಿದಳು. ಅವನು ಮುಗುಳ್ನಕ್ಕ. ಡಾಕ್ಟರು ಅವಳ ಭುಜ ಮುಟ್ಟಿ, "ನಿಮ್ಮ ಕೆಲಸದ ಬಗ್ಗೆ ನೀವೇ ಎರಡು ಮಾತು ಹೇಳಿ," ಎಂದರು, ಹಾಡು ಹೇಳಮ್ಮ ಎಂದು ನೆಂಟರೆದುರು ಮಗುವನ್ನು ನಿಲ್ಲಿಸಿದ ಹಾಗೆ. ಅವಳು ಹೇಳಿದಳು. ದುಭಾಷಿಗೆ ತನ್ನದೆಂಬ ನಾನು ಇರುವುದಿಲ್ಲ. ಕೊಲೆ ಮಾಡಿದವನು ನಾನು ಕೊಂದೆ ಎಂದರೆ ಅವಳೂ ನಾನು ಕೊಂದೆ ಎನ್ನಬೇಕು, ಅವನು ಕೊಂದನಂತೆ ಎನ್ನಬಾರದು. ಕೂಡಿಸಬಾರದು, ಕಳೆಯಬಾರದು, ಚೆಂದ ಮಾಡಬಾರದು. ಮಾತು ಸರಾಗವಾಗಿ ಹರಿಯಿತು. ಎಲ್ಲೂ ತಡೆಯಲಿಲ್ಲ. ಮೇಲಿನ ಸಾಲುಗಳಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು, ಒಬ್ಬಳು ಫೋನೆತ್ತಿ ಅವಳ ಮತ್ತು ಗೋಡೆಯ ತಲೆಯ ಚಿತ್ರ ಒಟ್ಟಿಗೆ ತೆಗೆದಳು. ಡಾಕ್ಟರು, ನೋಡಿದಿರಾ, ಎಂಬಂತೆ ಎರಡೂ ಕೈ ಅಗಲಿಸಿದರು.

ನರೆಗೂದಲಿನ ಹೆಂಗಸು ಹಡಗಿನವರ ಭಾಷೆಯಲ್ಲಿ ಕೇಳಿದಳು: ಈ ಮೀಸಲು ಮುಗಿದ ಮೇಲೆ? ಡಾಕ್ಟರು ಅದೇ ಭಾಷೆಗೆ ಹೊರಳಿದರು. ಹೊರಳುವಾಗ ಅವರ ದನಿಯಲ್ಲಿದ್ದ ಮೆಚ್ಚುಗೆ ಕಳಚಿ ಬಿತ್ತು. ಬಾಗಿಲು ಹಾಕಿಕೊಂಡು ಮಾತಾಡುವವರ ದನಿ ಬಂತು. ಅವಳ ಮುಂದೆಯೇ, ಅವಳ ಭುಜದ ಮೇಲೆ ಮತ್ತೆ ಕೈಯಿಟ್ಟುಕೊಂಡೇ ಅವರು ಹೇಳುತ್ತಾ ಹೋದರು. ಅವಳಿಗೆ ಮೊದಲ ವಾಕ್ಯ ಅರ್ಥವಾಗುವ ಮುಂಚೆಯೇ ಬಾಯಿ ಕೆಲಸ ಶುರು ಮಾಡಿತ್ತು. ತಾನು ಎದ್ದು ನಿಂತದ್ದು, ಕೈ ಹಿಂದೆ ಕಟ್ಟಿಕೊಂಡದ್ದು, ಸಾಕ್ಷಿಯ ಪಕ್ಕದಲ್ಲಿ ನಿಲ್ಲುವಂತೆ ಡಾಕ್ಟರ ಪಕ್ಕಕ್ಕೆ ಅರ್ಧ ಹೆಜ್ಜೆ ಹಿಂದೆ ಸರಿದದ್ದು ಅವಳಿಗೆ ಆಮೇಲೆ ಗೊತ್ತಾಯಿತು. "ಇಂಥವರಲ್ಲಿ ಕಾಯಿಲೆ ಒಳಗೊಳಗೇ ಬಹಳ ದೂರ ಹೋಗಿರುತ್ತೆ," ಎಂದಳು, ಗಟ್ಟಿಯಾಗಿ, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ, ಮನೆಯ ಭಾಷೆಯಲ್ಲಿ. "ಹೊರಗೆ ಗೊತ್ತಾಗೋದಿಲ್ಲ. ನಾವು ಕಂಡುಹಿಡಿಯೋ ಹೊತ್ತಿಗೆ ತಡವಾಗಿರುತ್ತೆ. ಮೀಸಲು ತೀರಿದ ಮೇಲೆ ಇಳಿಯೋದು ನಿಧಾನವಾಗಿ ಅಲ್ಲ. ಬೇರೆಯವರಿಗಿಂತ ಬೇಗ ಇಳೀತಾರೆ. ಒಂದು ವರ್ಷ, ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ ನಾನು ಕಂಡಿರೋದು." ಡಾಕ್ಟರು ಬಾಯಿ ತೆರೆದುಕೊಂಡು ನಿಂತಿದ್ದರು. ಅವಳು ಅವರ ಕಡೆ ತಲೆಯಾಡಿಸಿದಳು, ಮುಂದೆ ಹೇಳಿ ಎಂಬಂತೆ. ಅವರು ಹೇಳಲಿಲ್ಲ. ಅವರು ಆಗಲೇ ಹೇಳಿದ್ದರಲ್ಲಿ ಸ್ವಲ್ಪ ಇನ್ನೂ ಬಾಕಿಯಿತ್ತು, ಅದನ್ನು ಅವಳು ಮುಗಿಸಲೇಬೇಕಿತ್ತು. "ಗಂಡನಿಗೆ ನಾನು ಹೋದ ತಿಂಗಳೇ ಹೇಳಿದ್ದೇನೆ. ಆಕೆಗೆ ಹೇಳಿಲ್ಲ. ಕೆಲಸ ಮಾಡ್ತಿದ್ದಾರೆ, ಆಗೋವಷ್ಟು ದಿನ ಆಗಲಿ ಅಂತ ಇಬ್ಬರೂ ತೀರ್ಮಾನ ಮಾಡಿದೆವು. ಈಗ ಆಕೆ ಇರೋದು—"

ಪದ ಸಿಗಲಿಲ್ಲ. ಆ ಭಾಷೆಯಲ್ಲಿ ಅದು ಇತ್ತು, ಡಾಕ್ಟರು ಹೇಳಿದ ದನಿಯ ಸಮೇತ ಕಿವಿಯಲ್ಲಿ ನಿಂತಿತ್ತು, ಖಲಾಸಿಗಳು ದಿನಕ್ಕೆ ಹತ್ತು ಸಲ ಬಳಸುವ ಮಾತು. ಈ ಕಡೆಗೆ ಬರಲಿಲ್ಲ. ನಾಲಿಗೆಯ ತುದಿಯಲ್ಲೂ ಇರಲಿಲ್ಲ, ಇದ್ದ ಜಾಗವೇ ಖಾಲಿ. ಇಡೀ ಸಭಾಂಗಣ ಅವಳ ಬಾಯಿ ನೋಡುತ್ತಿತ್ತು. ನೋಡಲಿ, ಇದಕ್ಕೇ ತಾನೆ ಕರೆಸಿದ್ದು. ಕೋರ್ಟಿನಲ್ಲಿ ಹೀಗಾದಾಗ ಹೇಳಬೇಕಾದ ಮಾತೊಂದಿದೆ, ಅದನ್ನು ಹೇಳಿದಳು. "ದುಭಾಷಿ ಒಂದು ಪದಕ್ಕಾಗಿ ಸಮಯ ಕೇಳ್ತಾಳೆ. ನೆಲ ಮುಗಿಯೋ ಜಾಗ. ಮುಂದಕ್ಕೆ ಕಾಲಿಟ್ಟರೆ ಕೆಳಗೆ ಏನೂ ಇರೋದಿಲ್ಲ. ಅದಕ್ಕೆ ಏನಂತಾರೆ?"

ಹಿಂದಿನಿಂದ ಗಂಡ, ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಅಂಚು," ಎಂದ.

"ಅಂಚು," ಎಂದಳು ಅವಳು. "ಈಗ ಆಕೆ ಅಂಚಿನಲ್ಲಿದ್ದಾರೆ." ಆಮೇಲೆ ತನ್ನ ಕೈಚೀಲ ತೆಗೆದುಕೊಂಡು ಬಾಗಿಲ ಕಡೆ ನಡೆದಳು. ಡಾಕ್ಟರು ಏನೋ ಹೇಳುತ್ತಾ ಹಿಂದೆ ಬಂದರು, ತಪ್ಪು ತಿಳಿಯಬೇಡಿ, ಅದು ಒಟ್ಟಾರೆ ಅಂಕಿಅಂಶದ ಮಾತು, ನಿಮ್ಮ ವಿಷಯದಲ್ಲಿ ಹಾಗೇ ಆಗಬೇಕೆಂದೇನಿಲ್ಲ ಎಂದೆಲ್ಲ. ಅವಳು ನಿಂತು, "ನನ್ನ ತಲೆ ಗೋಡೆಯಿಂದ ತೆಗೀರಿ ಮೊದಲು," ಎಂದಳು.

ಆಸ್ಪತ್ರೆಯ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಬಿಸಿಲು ಸಿಮೆಂಟಿನಿಂದ ಮುಖಕ್ಕೆ ಹೊಡೆಯುತ್ತಿತ್ತು. ಗಂಡ ಬೀಗದ ಕೈ ಹುಡುಕಲು ಜೇಬು ತಡಕುತ್ತಿದ್ದ, ಅದೇ ಜೇಬಿಗೆ ಮೂರು ಸಲ ಕೈ ಹಾಕಿದ. ಊರಿನವರ ಕಣ್ಣು ನೋಡಿ ಕನ್ನಡಕ ಮಾಡಿಕೊಡುವ ಮನುಷ್ಯ, ಕೂದಲೆಳೆಯಷ್ಟು ಸ್ಕ್ರೂ ತಿರುಗಿಸುವ ಕೈ. ಅದನ್ನು ನೋಡಿ ಅವಳಿಗೆ ಒಂದು ಕ್ಷಣ ಕನಿಕರ ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಹೇಳಬೇಕು ಅಂತಲೇ ಇದ್ದೆ ಕಣೇ," ಎಂದ. "ಹೇಗೆ ಹೇಳಲಿ? ನೀನು ಬೆಳಗ್ಗೆ ಎದ್ದು ಕೋಟು ಹಾಕ್ಕೊಂಡು ಹೊರಡ್ತಿದ್ದೆ. ಆ ಖುಷಿ ಯಾಕೆ ಕಿತ್ಕೊಳ್ಳಲಿ ಅಂತ."

"ಹೋದ ವಾರ ಬುಧವಾರ ನಾನು ಮನೆಗೆ ಬಂದು ಏನು ಹೇಳಿದೆ?"

ಅವನು ಬೀಗದ ಕೈಯನ್ನು ಕಾರಿನ ಬಾಗಿಲಿಗೆ ಹಾಕಿದ.

"ಸಿಗ್ನಲ್ಲಲ್ಲಿ ಆಕ್ಸಿಡೆಂಟಾದ ಲಾರಿ ಡ್ರೈವರನ ಕೇಸು. ಸಾಕ್ಷಿ ಹಡಗಿನವನು. ಎಲ್ಲೋ ಒಂದು ಕಡೆ ಮುಂಚೆ ಅನ್ನೋದನ್ನ ಆಮೇಲೆ ಅಂದೆ ಅನ್ಸುತ್ತೆ ಅಂತ ನಾನು ಹೇಳಿದ್ನಾ ಇಲ್ವಾ? ಊಟ ಸೇರ್ತಿಲ್ಲ ಅಂದ್ನಾ ಇಲ್ವಾ? ನೀನೇನಂದೆ?"

ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಅವನಿಗೆ ಸಿಡಿಲು ಬಡಿದಂತಾಯಿತು. ಅವಳ ಕಣ್ಣುಗಳನ್ನು ಒಂದಾದ ಮೇಲೊಂದು ಪರೀಕ್ಷಿಸುವಂತೆ ನೋಡಿದ.

"ಹಾಗೆ ನೋಡಬೇಡ! ಇದು ಕಾಯಿಲೆ ಅಲ್ಲ, ಸಿಟ್ಟು. ವ್ಯತ್ಯಾಸ ತಿಳ್ಕೊ. ಏನಂದೆ ಹೇಳು."

"ನೀನು ತಪ್ಪೋಳೇ ಅಲ್ಲ ಅಂದೆ."

"ಗೊತ್ತಿದ್ದೂ."

"ಗೊತ್ತಿದ್ದೂ," ಎಂದ ಅವನು. ಆಮೇಲೆ ಅವನ ದನಿಯೂ ಏರಿತು, ಒಂದು ತಿಂಗಳಿನಲ್ಲಿ ಮೊದಲ ಸಲ. "ಮತ್ತೇನು ಮಾಡಬೇಕಿತ್ತು? ಕಾಯಿಲೆ ಇಷ್ಟು ದೂರ ಹೋಗಿದೆ, ಇನ್ನು ಆ ಕಟ್ಟಡಕ್ಕೆ ಕಾಲಿಡಬೇಡ ಅನ್ನಬೇಕಿತ್ತಾ? ನೀನು ಕೇಳ್ತಿದ್ಯಾ? ಮನೇಲಿ ಕೂತು ಗೋಡೆ ನೋಡ್ತಿದ್ಯಾ? ನನಗೂ ಭಯ ಆಗುತ್ತೆ, ನಾನೂ ಮನುಷ್ಯ! ನಿನಗೆ ಸಿಟ್ಟು ಮಾಡ್ಕೊಳ್ಳೋಕಾದ್ರೂ ನಾನಿದೀನಿ. ನನಗ್ಯಾರಿದಾರೆ?" ಪಕ್ಕದ ಕಾರಿನವರು ಗಾಜು ಇಳಿಸಿ ನೋಡಿದರು. ಅವಳಿಗೆ ಒಳಗೆ ಏನೋ ಸಡಿಲವಾಯಿತು. ಜಗಳವಾಡುವ ಗಂಡ ಬಂದಿದ್ದ. ಆದರೂ ಬಿಡಲಿಲ್ಲ. "ಆ ಡ್ರೈವರನಿಗೂ ಯಾರೋ ಇರ್ತಾರೆ," ಎಂದಳು. "ತೀರ್ಪು ಈ ವಾರ. ಕೋರ್ಟಿಗೆ ನಡಿ. ಇಲ್ಲ ಅಂದ್ರೆ ನಾನು ಬಸ್ಸಿಗೆ ಹೋಗ್ತೀನಿ, ಯಾವ ಬಸ್ಸು ಅಂತ ದಾರೀಲಿ ಕೇಳ್ಕೊಂಡು."

ಕೋರ್ಟಿನ ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಗುಮಾಸ್ತ ಅವಳನ್ನು ಕಂಡು ಎದ್ದು ನಿಂತ. ಅವಳು ಬಂದಾಗ ಎದ್ದು ನಿಲ್ಲುವುದು ಆ ಕಟ್ಟಡದಲ್ಲಿ ರೂಢಿಯಾಗಿಬಿಟ್ಟಿತ್ತು. ಅವಳು ಅದನ್ನು ಎಂದೂ ಬೇಡವೆಂದಿರಲಿಲ್ಲ. ಬುಧವಾರದ ಸಾಕ್ಷಿಯ ಧ್ವನಿಮುದ್ರಣ ಕೇಳಬೇಕು ಎಂದಾಗ ಅವನು, "ನಿಮ್ಮ ಬಗ್ಗೆ ಯಾರೂ ದೂರು ಕೊಟ್ಟಿಲ್ವಲ್ಲ ಮೇಡಂ," ಎಂದ. "ನಾನು ಕೊಡ್ತಿದ್ದೀನಿ," ಎಂದಳು. ಅವನು ನಕ್ಕ. ನಂತರ ನಗು ನಿಲ್ಲಿಸಿ ಗಂಡನ ಮುಖ ನೋಡಿದ. ಎಲ್ಲರೂ ಇನ್ನು ಮುಂದೆ ಹೀಗೇ, ತನ್ನ ಮಾತಿಗೆ ಗಂಡನ ಮುಖದಲ್ಲಿ ರುಜು ಹುಡುಕುತ್ತಾರೆ. "ನನ್ನ ಕಡೆ ನೋಡಿ," ಎಂದಳು. "ನನಗೆ ಮರೆವಿನ ಕಾಯಿಲೆ ಬಂದಿದೆ. ತಲೆ ಸ್ಕ್ಯಾನ್ ಮಾಡಿಸಿ ಆಗಿದೆ. ಈಗ ಹಾಕ್ತೀರಾ?" ಆ ಮಾತನ್ನು ಅವಳು ಹೊರಗಿನವರಿಗೆ ಹೇಳಿದ್ದು ಇದೇ ಮೊದಲು. ಇಷ್ಟು ದಿನ ಅದಕ್ಕೆ ಎಷ್ಟು ಹೆದರಿದ್ದಳೋ ಅಷ್ಟೇ ಸುಲಭವಾಗಿ ಅದು ಬಾಯಿಂದ ಬಿತ್ತು, ಗುಮಾಸ್ತನೇ ತಬ್ಬಿಬ್ಬಾಗಿ ಕುರ್ಚಿ ಎಳೆದುಕೊಟ್ಟ.

ಅವಳು ಕೇಳಿದಳು. ವಕೀಲರ ಪ್ರಶ್ನೆ, ತನ್ನ ದನಿ. ಹಡಗಿನವನ ಗೊಗ್ಗರು ಉತ್ತರ, ತನ್ನ ದನಿ. ಮುಂಚೆ ಎಂಬ ಮಾತು ಬರುವ ಜಾಗ ಹತ್ತಿರವಾದಂತೆ ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಬಂತು. ಸರಿಯಾಗಿತ್ತು. ಸಾಕ್ಷಿ ಮುಂಚೆ ಎಂದಿದ್ದ, ಅವಳೂ ಮುಂಚೆ ಎಂದಿದ್ದಳು. ಇಷ್ಟು ದಿನ ಊಟ ಬಿಟ್ಟು ಹೊತ್ತುಕೊಂಡಿದ್ದ ತಪ್ಪು ಅಲ್ಲಿರಲೇ ಇಲ್ಲ. ಗಂಡ ಉಸಿರು ಬಿಟ್ಟದ್ದು ಕೇಳಿಸಿತು. "ನೋಡಿದ್ರಾ ಮೇಡಂ, ಸುಮ್ನೆ ತಲೆ ಕೆಡಿಸ್ಕೊಂಡ್ರಿ," ಎಂದು ಗುಮಾಸ್ತ ಗುಂಡಿಯ ಕಡೆ ಕೈ ಚಾಚಿದ. ಅವಳಿಗೂ ಏಳೋಣ ಎನ್ನಿಸಿತು, ಎದ್ದೇಬಿಟ್ಟಳು, ಕೈಚೀಲ ಭುಜಕ್ಕೆ ಹಾಕಿಕೊಂಡಳು. ಧ್ವನಿಮುದ್ರಣ ಇನ್ನೂ ಓಡುತ್ತಲೇ ಇತ್ತು. ಹಡಗಿನವನು ಹೇಳಿದ: ಲಾರಿ ಹೊರಟಿತು. ದೀಪ ಯಾವ ಬಣ್ಣ ಇತ್ತೋ ನಾನು ನೋಡಲಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಆಮೇಲೆ ಜನ ಕೆಂಪು, ಕೆಂಪು ಎಂದು ಕೂಗಿದರು. ಅದರ ಹಿಂದೆಯೇ ಅವಳ ದನಿ ಬಂತು, ತುಂಬಿದ, ಅಲುಗದ, ನಂಬಬೇಕೆನ್ನಿಸುವ ದನಿ: "ಲಾರಿ ಹೊರಟಿತು. ಆಮೇಲೆ ಜನ ಕೆಂಪು, ಕೆಂಪು ಅಂತ ಕೂಗಿದರು."

"ಹಿಂದಕ್ಕೆ ಹೋಗಿ," ಎಂದಳು.

ಮತ್ತೆ ಕೇಳಿದಳು. ಮತ್ತೂ ಒಮ್ಮೆ. ನಡುವಿನ ವಾಕ್ಯ ಇಲ್ಲ. ಒಂದು ಉಗುಳು ನುಂಗುವಷ್ಟು ಹೊತ್ತೂ ಅವಳ ದನಿ ತಡವರಿಸಿಲ್ಲ. ಅಗೆದ ಜಾಗದ ಮೇಲೆ ಹಲಗೆ ಹಾಸಿದಂತೆ, ಆ ಕಡೆಯ ಮಾತನ್ನು ಈ ಕಡೆಯ ಮಾತಿಗೆ ಸೇರಿಸಿಕೊಂಡು ಅದು ದಾಟಿಹೋಗಿತ್ತು. ತಾನು ಅನುಮಾನಪಟ್ಟ ಕಡೆ ತಪ್ಪಿಲ್ಲ. ತಪ್ಪಿದ ಕಡೆ ಅನುಮಾನವೇ ಹುಟ್ಟಿಲ್ಲ. ಡಾಕ್ಟರು ಕೈ ಅಗಲಿಸಿ ತೋರಿಸಿದ್ದು ಇದನ್ನೇ. ಇಡೀ ಸಭಾಂಗಣ ಮೆಚ್ಚಿದ್ದು ಇದನ್ನೇ. ಅವಳಿಗೆ ಆ ದನಿಯ ಕತ್ತು ಹಿಸುಕಬೇಕೆನ್ನಿಸಿತು. ತಡವರಿಸಿದ್ದರೆ! ಒಂದೇ ಒಂದು ಸಲ ತೊದಲಿದ್ದರೆ, ನ್ಯಾಯಾಧೀಶರು ತಲೆಯೆತ್ತಿ ನೋಡುತ್ತಿದ್ದರು, ಮತ್ತೆ ಕೇಳಿ ಎನ್ನುತ್ತಿದ್ದರು. ದೀಪ ನೋಡಲೇ ಇಲ್ಲ ಎಂದ ಸಾಕ್ಷಿಯನ್ನು ಕೆಂಪು ಕಂಡವನನ್ನಾಗಿ ಮಾಡಿ, ಡ್ರೈವರನನ್ನು ಜೈಲಿನ ಬಾಗಿಲಿಗೆ ತಂದು ನಿಲ್ಲಿಸಿದ್ದು ಈ ಸರಾಗ. ಗಂಡನಿಗೂ ಗುಮಾಸ್ತನಿಗೂ ಹಡಗಿನವರ ಭಾಷೆ ಬಾರದು. ಅವರು ಅವಳನ್ನೇ ನೋಡುತ್ತಿದ್ದರು, ಏನಾಯಿತೆಂದು ತಿಳಿಯದೆ. ಆ ಕೋಣೆಯಲ್ಲಿ ಇದು ಗೊತ್ತಿದ್ದದ್ದು ಅವಳೊಬ್ಬಳಿಗೇ, ಅವಳಿಗೂ ಎಷ್ಟು ದಿನ ಗೊತ್ತಿರುತ್ತದೋ. ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದರೆ ಆಯಿತು. ಕೆಲವು ತಿಂಗಳಾದ ಮೇಲೆ ಅವಳಿಗೇ ನೆನಪಿರುವುದಿಲ್ಲ. ಯಾವ ಪಾಪಕ್ಕೂ ಇಷ್ಟು ಸುಲಭದ ಬಿಡುಗಡೆ ಯಾರಿಗೂ ಸಿಕ್ಕಿರಲಿಕ್ಕಿಲ್ಲ ಎನ್ನಿಸಿ ಅವಳಿಗೆ ನಗು ಬಂತು, ಕೆಟ್ಟ ನಗು.

"ಬರ್ಕೊಳ್ಳಿ," ಎಂದಳು ಗುಮಾಸ್ತನಿಗೆ. "ದೀಪ ಯಾವ ಬಣ್ಣ ಇತ್ತೋ ನಾನು ನೋಡಲಿಲ್ಲ. ಬಿಸಿಲು ಕಣ್ಣಿಗೆ ಹೊಡೀತಿತ್ತು."

"ಇದು ಯಾರ ಮಾತು ಮೇಡಂ?"

"ಸಾಕ್ಷಿಯದು. ನಾನು ಬಿಟ್ಟಿದ್ದೆ."

ನ್ಯಾಯಾಧೀಶೆ ಅವಳಿಗಿಂತ ಬಹಳ ಚಿಕ್ಕವಳು. ವಕೀಲಳಾಗಿದ್ದಾಗ ಅವಳ ಪಕ್ಕ ನಿಂತು ಪ್ರಶ್ನೆ ಕೇಳಲು ಕಲಿತವಳು. ತನ್ನ ಕೋಣೆಯಲ್ಲಿ ಇಬ್ಬರನ್ನೂ ಕೂರಿಸಿ, ಎಲ್ಲ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಆ ಸಾಕ್ಷಿಯನ್ನು ಮತ್ತೆ ಕರೆಸೋಣ, ಅವನ ಹಡಗು ಇನ್ನೂ ಹೊರಟಿಲ್ಲದಿದ್ದರೆ, ತೀರ್ಪು ಮುಂದಕ್ಕೆ ಹಾಕುತ್ತೇನೆ, ಎಂದಳು. "ಉಳಿದದ್ದು ದೊಡ್ಡದು ಮಾಡೋದು ಬೇಡ ಮೇಡಂ. ನೀವು ಗೌರವದಿಂದ ನಿವೃತ್ತಿ ತಗೊಳ್ಳಿ. ಒಂದು ಸಮಾರಂಭ ಮಾಡೋಣ. ನಿಮ್ಮ ಹೆಸರಿಗೆ ಯಾಕೆ ಮಸಿ?"

"ಎರಡು ವರ್ಷದಿಂದ ನನಗಿದು ಇದೆ," ಎಂದಳು ಅವಳು. "ನಾನೇ ಹೇಳ್ತಿದ್ದೆ, ಯಾರೂ ನಂಬಲಿಲ್ಲ. ಎರಡು ವರ್ಷದ್ದೆಲ್ಲ ಕೇಳಬೇಕು."

"ಎಲ್ಲಾ? ಎಷ್ಟು ಕೇಸು ಗೊತ್ತಾ? ಎಷ್ಟು ತೀರ್ಪು ಮತ್ತೆ ಬಿಚ್ಚಬೇಕಾಗುತ್ತೆ ಗೊತ್ತಾ?" ನ್ಯಾಯಾಧೀಶೆಯ ದನಿ ಬಿಗಿಯಾಯಿತು. "ಯಾರು ಕೂತು ಕೇಳ್ತಾರೆ ಅದನ್ನೆಲ್ಲ?"

"ನಾನು. ಪಕ್ಕದಲ್ಲಿ ಇನ್ನೊಬ್ಬ ದುಭಾಷಿಯನ್ನ ಕೂರಿಸಿ, ನಾನು ಮತ್ತೆ ಬಿಟ್ಟರೆ ಹಿಡಿಯೋಕೆ. ಆದರೆ ಬೇಗ ಆಗಬೇಕು. ಮುಂದಿನ ತಿಂಗಳು, ಆಮೇಲೆ ನೋಡೋಣ ಅಂದ್ರೆ ನಾನಿರೋದಿಲ್ಲ. ಇರ್ತೀನಿ, ಇದನ್ನ ಮಾಡೋಕಾಗೋ ನಾನಿರೋದಿಲ್ಲ."

ನ್ಯಾಯಾಧೀಶೆ ಕನ್ನಡಕವನ್ನು ಮತ್ತೆ ಹಾಕಿಕೊಂಡಳು. ಆಮೇಲೆ, ಎಲ್ಲರಂತೆ, ಅವಳ ತಲೆಯ ಮೇಲಿಂದ ಗಂಡನ ಕಡೆ ತಿರುಗಿದಳು. "ಏನ್ ಸರ್, ಇವರ ಕೈಲಿ ಆಗುತ್ತಾ?"

ಗಂಡ ಬಾಯಿ ತೆರೆದ. ಅವಳು ಅವನ ಕಡೆ ನೋಡಲಿಲ್ಲ, ನೋಡದೆಯೇ ಕಾದಳು. "ಗೊತ್ತಿಲ್ಲ," ಎಂದ ಅವನು. "ಅವಳು ಇಲ್ಲೇ ಕೂತಿದಾಳಲ್ಲ, ಅವಳನ್ನೇ ಕೇಳಿ."

ಹಡಗು ಹೊರಟಿರಲಿಲ್ಲ. ಹಡಗಿನವನು ಮತ್ತೆ ಕಟಕಟೆ ಹತ್ತಿ ಅದೇ ಮಾತು ಹೇಳಿದ, ಬೇರೊಬ್ಬ ದುಭಾಷಿ, ಇನ್ನೂ ದನಿ ಕುದುರದ ಹೆಣ್ಣುಮಗಳು, ತಡವರಿಸುತ್ತಾ, ಎರಡು ಸಲ ಕ್ಷಮೆ ಕೇಳುತ್ತಾ ಅದನ್ನು ದಾಟಿಸಿದಳು. ಡ್ರೈವರನನ್ನು ಬಿಟ್ಟರು. ಅವನ ವಕೀಲರು ಹೊರಗೆ ಬಂದು ಅವಳನ್ನು ಕಂಡರೂ ಮಾತಾಡಿಸಲಿಲ್ಲ. ಎರಡು ವರ್ಷದ್ದೆಲ್ಲ ಕೇಳಲು ನ್ಯಾಯಾಧೀಶೆ ಒಪ್ಪಿದ ಮೇಲೆ, ಹಳೆಯ ಕೇಸುಗಳಲ್ಲಿ ಗೆದ್ದವರೂ ಸೋತವರೂ ಅವಳನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ನೆಲಮಾಳಿಗೆಗೆ ಅವಳು ಬಂದರೆ ಗುಮಾಸ್ತನೂ ಎದ್ದು ನಿಲ್ಲುವುದನ್ನು ಬಿಟ್ಟಿದ್ದ. ಅವಳಿಗೆ ಅದು ನೋಯುತ್ತಿತ್ತು, ನೋಯುವುದಿಲ್ಲವೆಂದು ಅವಳು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಿಲ್ಲ. ಆ ಹೊಸ ದುಭಾಷಿ ಹೆಣ್ಣುಮಗಳು ಅವಳ ಎಡಕ್ಕೆ ಕುರ್ಚಿ ಹಾಕಿಕೊಂಡು ಕೂತಳು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಶುರುವಾಯಿತು: ಕುರ್ಚಿಗಳ ಸದ್ದು, ಯಾರದೋ ಕೆಮ್ಮು, ಒಬ್ಬ ಹೆಂಗಸು ತನ್ನ ಮಗುವಿನ ಬಗ್ಗೆ ಏನೋ ಹೇಳುತ್ತಾ ಅಳುತ್ತಿದ್ದಾಳೆ, ಅದರ ಬೆನ್ನಿಗೇ ತನ್ನ ದನಿ, ಸ್ವಚ್ಛ, ಸಮ, ಯಾವ ಅನುಮಾನಕ್ಕೂ ಎಡೆ ಕೊಡದ ದನಿ. ಅವಳು ಕಣ್ಣು ಮುಚ್ಚಿ, ಹಗೆಯವರ ಮಾತು ಕೇಳುವ ಹಾಗೆ ಕೇಳಿದಳು. ಪಕ್ಕದ ಹೆಣ್ಣುಮಗಳು ಇನ್ನೂ ಪೆನ್ನು ಹುಡುಕುತ್ತಿದ್ದಳು.

"ನಿಲ್ಲಿಸು," ಎಂದಳು ಅವಳು. "ಇಲ್ಲೇ."